ಪುಸ್ತಕದಲ್ಲಿ ಇಲ್ಲದ ಬೌಲಿಂಗ್

ಮಾನ್ಯ ಸಂಪಾದಕರೇ,

ಜಸ್‌ಪ್ರೀತ್ ಬೂಮ್ರಾ 2016ರಲ್ಲಿ ಭಾರತ ತಂಡಕ್ಕೆ ಬಂದಾಗ ಆ ತಡವರಿಸುವ ಚಿಕ್ಕ ಓಟ, ಕೋಲಿನಂತೆ ಸೆಟೆದ ತೋಳು ನೋಡಿ ‘ಇದು ಟಿ20ಗೆ ಸಾಕು, ಟೆಸ್ಟ್‌ಗೆ ಆಗದು’ ಎಂದವರಲ್ಲಿ ನಾನೂ ಒಬ್ಬ. 2018ರ ಜನವರಿಯಲ್ಲಿ ಕೇಪ್‌ಟೌನ್‌ನಲ್ಲಿ ದಕ್ಷಿಣ ಆಫ್ರಿಕಾದ ದಿಗ್ಗಜ ಬ್ಯಾಟರ್ ಎಬಿ ಡಿವಿಲಿಯರ್ಸ್ ಅವರ ವಿಕೆಟ್ಟನ್ನೇ ಮೊದಲ ಟೆಸ್ಟ್ ವಿಕೆಟ್ಟಾಗಿ ಪಡೆದಾಗ ಬಾಯಿ ಮುಚ್ಚಿಕೊಂಡೆ. ಚೆಂಡನ್ನು ಉಳಿದ ವೇಗಿಗಳಿಗಿಂತ ತುಸು ಮುಂದಕ್ಕೆ ಚಾಚಿ ಬಿಡುವುದರಿಂದ ಬ್ಯಾಟರ್‌ಗೆ ಸಿಗುವ ಸಮಯವೇ ಕಡಿಮೆ. 200 ಟೆಸ್ಟ್ ವಿಕೆಟ್ ತಲುಪಿದಾಗ ಅವರ ಸರಾಸರಿ (ಪ್ರತಿ ವಿಕೆಟ್‌ಗೆ ಕೊಟ್ಟ ರನ್) 20ಕ್ಕಿಂತ ಕೆಳಗಿತ್ತು!

ಆದರೆ ಬೆನ್ನು ಆಗಾಗ ಕೈಕೊಡುತ್ತಿದೆ. 2022ರ ಟಿ20 ವಿಶ್ವಕಪ್ ತಪ್ಪಿದ್ದೂ ಅದರಿಂದಲೇ. ವಿಶ್ರಾಂತಿ ಕೊಟ್ಟಾಗಲೆಲ್ಲ ಗೊಣಗುವವರು (ನಮ್ಮ ಮನೆಯಲ್ಲೇ ಇಬ್ಬರಿದ್ದಾರೆ) ಇದನ್ನು ನೆನಪಿಡಲಿ.

– ಕ್ರಿಕೆಟ್ ಪ್ರೇಮಿ