ಫೋಟೋದಲ್ಲಿರುವುದು ಗರುಗದ ಸೊಪ್ಪಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಭೃಂಗರಾಜದ ಎಣ್ಣೆ ಕಾಯಿಸುವುದು ಹೇಗೆ ಅಂತ ಬರೆದಿದ್ದೀರಿ. ಬರಹ ಚೆನ್ನಾಗಿದೆ. ಪಕ್ಕದ ಫೋಟೋ ಮಾತ್ರ ಬೇರೆ ಗಿಡದ್ದು.

ನಾನು ಮಳವಳ್ಳಿ ಕಡೆಯವಳು. ಮೂವತ್ತು ವರ್ಷ ಸಂತೆಯಲ್ಲಿ ಸೊಪ್ಪು ಮಾರಿದ್ದೇನೆ. ನೀವು ಭೃಂಗರಾಜ ಅಂದದ್ದನ್ನು ನಾವು ಗರುಗದ ಸೊಪ್ಪು ಅನ್ನುತ್ತೇವೆ. ಗರುಗದ ಹೂ ಬಿಳಿ. ನಿಮ್ಮ ಫೋಟೋದ ಹೂ ಅರಿಶಿನದ ಹಾಗೆ ಹಳದಿ. ಅದನ್ನು ನೋಡಿದ ಕೂಡಲೇ ನನಗೆ ನಮ್ಮ ಹಿತ್ತಿಲು ನೆನಪಾಯಿತು.

ಎರಡು ವರ್ಷದ ಹಿಂದೆ ಸೊಸೆ ಒಂದು ನರ್ಸರಿಯಿಂದ ‘ಭೃಂಗರಾಜ’ ಅಂತ ಚೀಟಿ ಅಂಟಿಸಿದ್ದ ಸಸಿ ತಂದಳು. ಅರವತ್ತು ರೂಪಾಯಿ. ಬದುವಿನಲ್ಲಿ ಪುಕ್ಕಟೆ ಸಿಗುವುದಕ್ಕೆ ದುಡ್ಡು ಯಾಕೆ ಅಂತ ಗೊಣಗಿದೆ, ಗಿಡವನ್ನು ಸರಿಯಾಗಿ ನೋಡಲಿಲ್ಲ. ತಪ್ಪು ನನ್ನದೂ ಇದೆ. ಅದು ಗೆಣ್ಣು ಗೆಣ್ಣಿಗೂ ಬೇರು ಬಿಟ್ಟುಕೊಂಡು ಕರಿಬೇವಿನ ಬುಡದಿಂದ ಬಟ್ಟೆ ಒಗೆಯುವ ಕಲ್ಲಿನವರೆಗೂ ಹಬ್ಬಿತು. ಕಿತ್ತರೆ ತುಂಡಾಗುತ್ತದೆ. ಒಂದು ತುಂಡು ಬಿದ್ದರೂ ಮತ್ತೆ ಚಿಗುರುತ್ತದೆ. ಈಗಲೂ ಕೀಳುತ್ತಲೇ ಇದ್ದೇನೆ. ಬಾಟನಿ ಓದುವ ಮೊಮ್ಮಗಳು ಎಲೆ ನೋಡಿ, ‘ಇದು ಸ್ಫ್ಯಾಗ್ನೆಟಿಕೋಲಾ ಟ್ರೈಲೊಬೇಟಾ ಅಜ್ಜಿ, ಅಮೆರಿಕ ಕಡೆಯದು’ ಅಂದಳು. ಪಾರ್ಕು, ರಸ್ತೆ ನಡುವಿನ ಪಟ್ಟಿಯಲ್ಲೆಲ್ಲ ನೆಲ ಮುಚ್ಚಲು ನೆಡುತ್ತಾರಲ್ವಾ, ಅದೇ. ಲೋಕದ 100 ಕೆಟ್ಟ ದಾಳಿಕೋರ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರೂ ಇದೆಯಂತೆ.

ಇದಕ್ಕೊಂದು ನಮ್ಮ ಸೀಮೆಯ ತಂಗಿಯೂ ಇದೆ. ಅದರ ಹೂವೂ ಹಳದಿ. ತಮಿಳರು ಮಂಜಳ್ ಕರಿಸಲಾಂಗಣ್ಣಿ ಅಂತ ಮದ್ದಿಗೆ ಬಳಸುವುದು ಅದನ್ನು. ಎರಡನ್ನೂ ಎಲೆಯಲ್ಲೇ ಗುರುತು ಹಿಡಿಯಬೇಕು. ಅಮೆರಿಕದ್ದರ ಎಲೆ ದಪ್ಪ, ಮಿರಮಿರ ಹೊಳೆಯುತ್ತದೆ, ಬದಿಗಳಲ್ಲಿ ಕಿವಿ ಮೂಡಿದಂತೆ ಮೂರು ಭಾಗವಾಗಿರುತ್ತದೆ. ನಮ್ಮದರ ಎಲೆ ಕಿರಿದು, ಉದ್ದ, ಕಿವಿ ಇಲ್ಲ. ನಿಮ್ಮ ಫೋಟೋದಲ್ಲಿ ಕಿವಿ ಚೆನ್ನಾಗೇ ಕಾಣುತ್ತಿದೆ.

ಇನ್ನು ಗರುಗ. ನೀರು ಜಿನುಗುವ ಕಡೆ ಅದು ಇದ್ದೇ ಇರುತ್ತದೆ. ನಾಲೆ ಪಕ್ಕ, ಗದ್ದೆ ಬದು, ಬಚ್ಚಲ ಮೋರಿಯ ಬಾಯಿ. ಕಾಂಡ ನಸುಗೆಂಪು. ಕೈಯಾಡಿಸಿದರೆ ತರಿತರಿ. ಎಲೆಗಳು ಎದುರುಬದುರು, ತೊಟ್ಟು ಇಲ್ಲವೇ ಇಲ್ಲ ಅನ್ನುವಷ್ಟು. ಹೂ ಅಂಗಿ ಗುಂಡಿಗಿಂತ ಚಿಕ್ಕದು, ಸುತ್ತ ದಾರದ ಎಳೆ ಅಂಟಿಸಿದಂತೆ ಬಿಳಿ ಎಸಳು. ಎಳೆ ಉದುರಿದ ಮೇಲೆ ಹಸಿರು ಬಿಲ್ಲೆ ಉಳಿಯುತ್ತದೆ, ಒಣಗಿ ಕಪ್ಪಾಗುತ್ತದೆ. ಬೀಜಕ್ಕೆ ಹಾರುವ ಕುಚ್ಚು ಇಲ್ಲ. ಅದಕ್ಕೇ ಗ್ರೀಕಿನಲ್ಲಿ ‘ಕೊರತೆ’ ಅನ್ನುವ ಅರ್ಥದ ಎಕ್ಲಿಪ್ಟಾ ಅಂತ ಹೆಸರಿಟ್ಟರಂತೆ. ಪಾಪ, ಇಷ್ಟು ಒಳ್ಳೆಯ ಗಿಡಕ್ಕೆ ಇದೆಂಥ ಹೆಸರು!

ಇಷ್ಟಾದರೂ ಅನುಮಾನ ಹೋಗದಿದ್ದರೆ ಎಲೆಯನ್ನು ಅಂಗೈಯಲ್ಲಿ ತಿಕ್ಕಿ ಸ್ವಲ್ಪ ಹೊತ್ತು ಬಿಡಿ. ಹಸಿರು ರಸ ನೋಡುತ್ತಿದ್ದಂತೆ ಕಪ್ಪಾಗುತ್ತದೆ. ಕಾಡಿಗೆಗರಗ ಅನ್ನುವ ಇನ್ನೊಂದು ಹೆಸರು ಸುಮ್ನೆ ಬಂದದ್ದಲ್ಲ. ಸೊಪ್ಪು ಕಟ್ಟುವ ದಿನ ನನ್ನ ಉಗುರು ಸಂದಿಯೆಲ್ಲ ಕಪ್ಪು. ಮದುವೆ ಮನೆಗೆ ಹೋಗಬೇಕಾದರೆ ಹುಣಸೆಹಣ್ಣು ಹಾಕಿ ತಿಕ್ಕಿಕೊಳ್ಳುತ್ತಿದ್ದೆ.

ಬಿಳಿ ಅಂದೆ ಅಂತ ಗಾಯಕ್ಕೆ ಹಿಂಡುವ ಸೊಪ್ಪನ್ನು ಕಿತ್ತು ತಂದೀರಿ ಮತ್ತೆ. ಮೊಮ್ಮಗಳು ಅದಕ್ಕೆ ಟ್ರೈಡ್ಯಾಕ್ಸ್ ಅನ್ನುತ್ತಾಳೆ. ಅದರ ಹೂ ಗೇಣುದ್ದದ ತೊಟ್ಟಿನ ಮೇಲೆ ಒಂಟಿಯಾಗಿ ನಿಂತಿರುತ್ತದೆ. ನಡುವೆ ಹಳದಿ, ಸುತ್ತ ನಾಲ್ಕೈದೇ ಎಸಳು, ತುದಿಯಲ್ಲಿ ಮೂರು ಹಲ್ಲು. ಬೀಜ ಊದಿದರೆ ಹಾರಿ ಹೋಗುತ್ತದೆ.

ಇವೆಲ್ಲ ಸೂರ್ಯಕಾಂತಿಯ ಬಳಗದವೇ. ಕಾಂಗ್ರೆಸ್ ಗಿಡವೂ ಅದೇ ಬಳಗದ್ದು ಅಂದರೆ ಯಾರಿಗಾದರೂ ಗರುಗದ ಮೇಲೂ ಅನುಮಾನ ಬರಬಹುದು.

ಮುಂದಿನ ಭಾನುವಾರ ತಿದ್ದುಪಡಿ ಹಾಕಿ. ಪುರವಣಿಯನ್ನು ಕತ್ತರಿಸಿ ಇಟ್ಟುಕೊಳ್ಳುವವರು ಜಾಸ್ತಿ. ನಮ್ಮ ಬೀದಿಯಲ್ಲೇ ಇಬ್ಬರು ಕತ್ತರಿಸಿದ್ದಾರೆ, ಒಬ್ಬಾಕೆ ನಮ್ಮ ಹಿತ್ತಿಲಿಗೇ ಬಂದು ಒಂದು ಹಿಡಿ ಕೇಳಿದಳು. ಫೋಟೋ ಬೇಕಿದ್ದರೆ ಮೊಮ್ಮಗಳು ಕಳಿಸುತ್ತಾಳೆ. ನಾಲೆ ಬದುವಿನಲ್ಲಿ ಈಗ ಗರುಗ ಹೂ ಬಿಟ್ಟಿದೆ.

(ನಾನು ಹೇಳಿದ್ದನ್ನು ಟೈಪ್ ಮಾಡಿದವಳೂ ಅವಳೇ.)

– ಹಳೆಯ ಸೊಪ್ಪಿನಜ್ಜಿ, ಮಳವಳ್ಳಿ ತಾಲ್ಲೂಕು