ಭಾನುವಾರದ ಬೀಥೋವನ್ ಕಛೇರಿಗೆ ಮಕ್ಕಳನ್ನು ಕಳಿಸಿಕೊಡಿ

ಪ್ರಿಯ ಪೋಷಕರೇ,

ನಮಸ್ಕಾರ. ಬರುವ ಭಾನುವಾರ 8 ಮತ್ತು 9ನೇ ತರಗತಿಯ ಮಕ್ಕಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಅಲ್ಲಿ ಸಂಜೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಆರ್ಕೆಸ್ಟ್ರಾ ಕಛೇರಿ ಇದೆ. ಮೊದಲು ಜರ್ಮನಿಯ ಸಂಗೀತ ರಚನಕಾರ ಬೀಥೋವನ್ ಅವರ ನಾಲ್ಕನೇ ಪಿಯಾನೋ ಕನ್ಸರ್ಟೊ, ಅಂದರೆ ಒಂದು ಪಿಯಾನೋ ಇಡೀ ಆರ್ಕೆಸ್ಟ್ರಾ ಜೊತೆ ನುಡಿಯುವ ಕೃತಿ. ವಿರಾಮದ ನಂತರ ಅವರದೇ ಐದನೇ ಸಿಂಫನಿ, ಅಂದರೆ ಆರ್ಕೆಸ್ಟ್ರಾ ಒಟ್ಟಾಗಿ ನುಡಿಸುವ, ಹಲವು ಭಾಗಗಳ ದೊಡ್ಡ ಕೃತಿ.

ಕಳೆದ ವಾರದ ಸಭೆಯಲ್ಲಿ ಕೆಲವರು ಕೇಳಿದಿರಿ: "ನಮ್ಮ ಸಂಗೀತವೇ ಬೇಕಾದಷ್ಟಿದೆ ಅಲ್ವಾ, ಇದು ಯಾಕೆ ಮೇಡಂ?" ನ್ಯಾಯವಾದ ಪ್ರಶ್ನೆ. ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಪಿಯಾನೋ ಕಲಿತವರು. ಲಂಡನ್ನಿನಲ್ಲಿದ್ದ ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಸಂಗೀತ ಧ್ವನಿಮುದ್ರಣವಾಗಲು ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. ಅದೇ ಮಹಾರಾಜರು 94 ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ಒಂದಕ್ಕೆ ಕಿವಿ ಕೊಟ್ಟ ಮಾತ್ರಕ್ಕೆ ಇನ್ನೊಂದು ಕೈತಪ್ಪಲಿಲ್ಲ.

ಭಾನುವಾರದ ಎರಡೂ ಕೃತಿಗಳನ್ನು ಸಾರ್ವಜನಿಕ ಕಛೇರಿಯಲ್ಲಿ ಜನ ಮೊದಲು ಕೇಳಿದ್ದು ಒಂದೇ ಸಂಜೆ. 1808ರ ಡಿಸೆಂಬರ್ 22, ವಿಯೆನ್ನಾದ ಒಂದು ರಂಗಮಂದಿರ. ಕೊರೆಯುವ ಚಳಿಯಲ್ಲಿ ಸುಮಾರು ನಾಲ್ಕು ಗಂಟೆ ಕಛೇರಿ ನಡೆಯಿತು. ಪಿಯಾನೋ ನುಡಿಸಿದವರು ಬೀಥೋವನ್ ಅವರೇ. ಆಗ 38 ವರ್ಷ, ಕಿವಿ ಕೇಳಿಸುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಮುಂದೆ ಅವರ ಐದನೇ ಕನ್ಸರ್ಟೊವನ್ನು ಬೇರೆಯವರು ನುಡಿಸಬೇಕಾಯಿತು.

ಕನ್ಸರ್ಟೊದ ಎರಡನೇ ಭಾಗವನ್ನು ಸಂಗೀತದ ಮೇಷ್ಟ್ರು ತರಗತಿಯಲ್ಲಿ ಕೇಳಿಸಿದರು. ಪಿಟೀಲುಗಳೆಲ್ಲ ಒಟ್ಟಾಗಿ ಗದರುತ್ತವೆ. ಪಿಯಾನೋ ಮೆಲ್ಲಗೆ ಉತ್ತರ ಕೊಡುತ್ತದೆ. ಮತ್ತೆ ಗದರಿಕೆ, ಮತ್ತೆ ಅದೇ ಮೆಲುದನಿ. ಬರ್ತಾ ಬರ್ತಾ ಪಿಟೀಲುಗಳ ಸಿಟ್ಟು ಇಳಿಯುತ್ತದೆ. ಎಂಟನೇ ತರಗತಿಯ ಹುಡುಗನೊಬ್ಬ, "ಅಪ್ಪ ಬೈತಾ ಇದ್ದಾಗ ಅಮ್ಮ ಮಾತಾಡೋ ಹಾಗಿದೆ" ಎಂದ. ಯಾರೂ ನಗಲಿಲ್ಲ. ಐದು ನಿಮಿಷ ತರಗತಿಯಲ್ಲಿ ಪಿಸುಮಾತೂ ಇರಲಿಲ್ಲ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಂಥ ಮೌನ ಕಂಡದ್ದು ಕಡಿಮೆ. ಆ ಮೌನಕ್ಕಾಗಿಯೇ ಮಕ್ಕಳನ್ನು ಅಷ್ಟು ದೂರ ಕರೆದೊಯ್ಯುತ್ತಿದ್ದೇನೆ.

ಸಿಂಫನಿಯ ಮೊದಲ ನಾಲ್ಕು ಸ್ವರ, ಮೂರು ಗಿಡ್ಡ ಒಂದು ಉದ್ದ, ನೀವೂ ಎಲ್ಲೋ ಕೇಳಿರುತ್ತೀರಿ. ಟ್ರಾಂಬೋನ್ ಎಂಬ ದೊಡ್ಡ ಹಿತ್ತಾಳೆಯ ಊದುವ ವಾದ್ಯ ನುಡಿಸುವವರು ಮಾತ್ರ ಮೊದಲ ಮೂರು ಭಾಗ ಸುಮ್ನೆ ಕೂತಿರುತ್ತಾರೆ. ಅವರ ಸರದಿ ಬರುವುದು ಕೊನೆಯ ಭಾಗದಲ್ಲಿ. ಆ ಕ್ಷಣಕ್ಕೆ ಕಾಯಿರಿ ಎಂದು ಮಕ್ಕಳಿಗೆ ಹೇಳಿಟ್ಟಿದ್ದೇವೆ. ಭಾಗಗಳ ನಡುವೆ ಚಪ್ಪಾಳೆ ತಟ್ಟುವುದಿಲ್ಲ, ಕೃತಿ ಪೂರ್ತಿ ಮುಗಿದ ಮೇಲೆ ಎಷ್ಟು ಬೇಕಾದರೂ ತಟ್ಟಬಹುದು.

ಬಸ್ಸು ಮಧ್ಯಾಹ್ನ 12ಕ್ಕೆ ಶಾಲೆಯ ಗೇಟಿನಿಂದ ಹೊರಡುತ್ತದೆ. ಊಟ ಮಾಡಿಸಿ ಕಳಿಸಿ. ಸಂಜೆಯ ತಿಂಡಿ, ರಾತ್ರಿಯ ಊಟ ನಮ್ಮದು. ಒಳಗೆ ಎಸಿ ಜಾಸ್ತಿ ಇರುತ್ತದೆ, ಸ್ವೆಟರ್ ಇರಲಿ. ಫೋನ್ ಮನೆಯಲ್ಲೇ ಇರಲಿ. ಟಿಕೆಟ್ ಖರ್ಚನ್ನು ಹಳೆಯ ವಿದ್ಯಾರ್ಥಿಗಳು ಕೊಟ್ಟಿದ್ದಾರೆ, ನೀವು ಏನೂ ಕಟ್ಟಬೇಕಿಲ್ಲ.

ಇದರ ಬಗ್ಗೆ ಪ್ರಬಂಧ, ಪರೀಕ್ಷೆ ಯಾವುದೂ ಇರುವುದಿಲ್ಲ. ದಯವಿಟ್ಟು ಮನೆಯಲ್ಲೂ "ಏನು ಕಲಿತೆ" ಎಂದು ಕೇಳಬೇಡಿ. ಯಾವ ವಾದ್ಯ ಹಿಡಿಸಿತು ಎಂದು ಕೇಳಿ, ಹೇಳುವಷ್ಟು ಹೇಳಲಿ.

ಒಪ್ಪಿಗೆ ಚೀಟಿಗೆ ಸಹಿ ಹಾಕಿ ಗುರುವಾರದೊಳಗೆ ಕಳಿಸಿ. ರಾತ್ರಿ 11ರ ಹೊತ್ತಿಗೆ ವಾಪಸ್ ಬರುತ್ತೇವೆ, ಮಕ್ಕಳನ್ನು ಕರೆದೊಯ್ಯಲು ಗೇಟಿನ ಹತ್ತಿರ ಬನ್ನಿ. ಕೊನೆಯ ಮಗು ಮನೆಗೆ ಹೊರಡುವ ತನಕ ನಾನು ಅಲ್ಲೇ ಇರುತ್ತೇನೆ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ