ಅಪ್ಪನ ವಿಷಯ, ಮತ್ತೆ ಇಲ್ಲಿನ ಮಳೆ

ಅಮ್ಮಾ, ನಮಸ್ಕಾರ. ಅಲ್ಲಿ ಎಲ್ಲಾ ಆರಾಮು ಅಂತ ನೀನು ಬರೆದಿದ್ದೆ, ಅಲ್ಲ ಅಂತ ಅಕ್ಕನ ಮೆಸೇಜ್ ನೋಡಿದ್ಮೇಲೆ ಗೊತ್ತಾಯ್ತು. ಆ ವಿಷಯಕ್ಕೆ ಬರ್ತೀನಿ, ಮೊದ್ಲು ಇಲ್ಲಿ ಚಳಿ ಹೋಯ್ತಾ ಅಂತ ನೀನು ಕೇಳಿದ್ದಕ್ಕೆ ಉತ್ರ.

ಚಳಿ ಹೋಯ್ತು. ಬೆಳಗ್ಗೆ ಆರೇಳು ಡಿಗ್ರಿ, ಮಧ್ಯಾಹ್ನ ಹನ್ನೆರಡು ಹದಿಮೂರು, ಅಷ್ಟಕ್ಕೇ ಈ ಕೆನಡಾದ ನಾರ್ತ್ ವ್ಯಾಂಕೂವರ್ ಜನ ಚಡ್ಡಿ ಹಾಕ್ಕೊಂಡು ಓಡಾಡ್ತಾರೆ, ನಾನಿನ್ನೂ ಸ್ವೆಟರ್ ಬಿಟ್ಟಿಲ್ಲ. ರಸ್ತೆ ಇಳಿದ್ರೆ ಸಮುದ್ರ, ತಿರುಗಿ ನೋಡಿದ್ರೆ ಗ್ರೌಸ್ ಬೆಟ್ಟ, ಅದರ ನೆತ್ತಿ ಮೇಲೆ ಇನ್ನೂ ಹಿಮ. ಮನೆ ಮುಂದಿನ ಚೆರ್ರಿ ಮರ ಪೂರ್ತಿ ಗುಲಾಬಿ, ಒಂದು ಹಸಿರೆಲೆ ಕಾಣಲ್ಲ. ನಿನ್ನೆ ಮಳೇಲಿ ಅದರ ಕೆಳಗೆ ಬಸ್ಸಿಗೆ ಕಾದಿದ್ದೇ ತಪ್ಪಾಯ್ತು, ಆಫೀಸಲ್ಲಿ ಛತ್ರಿ ಕೊಡವಿದ್ರೆ ನೆಲದ ತುಂಬಾ ಒದ್ದೆ ಎಸಳು, ಒಂದೊಂದೇ ಉಗುರಲ್ಲಿ ಕೆರೆದು ತೆಗ್ದೆ. ಚಳಿಗಾಲ ಮಲಗಿದ್ದ ಕರಡಿಗಳು ಏಳೋ ಟೈಮು ಬೇರೆ, ಕಸದ ಡಬ್ಬ ರಾತ್ರಿನೇ ಹೊರಗಿಡಂಗಿಲ್ಲ, ಬೆಳಗ್ಗೆ ಎದ್ದೇ ಇಡ್ಬೇಕು. ಹೆದರ್ಬೇಡ, ನಮ್ದು ಮೂರನೇ ಮಹಡಿ. ತೋಟಕ್ಕೆ ಆನೆ ಬರೋ ಊರಿಂದ ಬಂದೋನು ಅಂದ್ರೆ ಇಲ್ಲಿನ ಜನಾನೇ ನನ್ನ ಬಾಯಿ ನೋಡ್ತಾರೆ.

ಅಪ್ಪಂಗೆ ಹೇಳು, ಇಲ್ಲೂ ಘಾಟಿ ಲೆಕ್ಕಾನೇ. ಕಡಲಿಂದ ಬಂದ ಮೋಡ ಬೆಟ್ಟಕ್ಕೆ ತಾಗಿ ಮೇಲೇರಿ ಇಲ್ಲೇ ಸುರಿಯುತ್ತೆ. ಏರ್‌ಪೋರ್ಟ್ ಹತ್ರ ವರ್ಷಕ್ಕೆ ಸುಮಾರು 47 ಇಂಚು, ಬೆಟ್ಟದ ಬುಡದಲ್ಲಿ ಹೆಚ್ಚುಕಮ್ಮಿ ಅದರ ಎರಡರಷ್ಟು. ಆದ್ರೆ ನಮ್ಮಂಗೆ ಜೂನಲ್ಲಿ ಅಲ್ಲ, ಚಳಿಗಾಲದಲ್ಲೇ ಜಾಸ್ತಿ, ಬೇಸಿಗೆ ಒಣಗು. ಈಗ ಬರೋದು ಜಿಟಿಜಿಟಿ. ಆಗುಂಬೆ ನೋಡಿದೋರು ಇದನ್ನ ಮಳೆ ಅನ್ನಲ್ಲ.

ಮಳೆ ಇಂಚಿನ ಲೆಕ್ಕ ಇಷ್ಟು ಸಾಕು ಅಮ್ಮ. ಮಳೆ ಅಳೆಯೋ ಡಬ್ಬ ನೋಡಕ್ಕೆ ಹೋಗಿ ಅಪ್ಪ ತಲೆ ಸುತ್ತಿ ಅಂಗಳದಲ್ಲೇ ಕೂತ್ಬಿಟ್ರಂತೆ, ಎರಡು ಸಲ ಆಯ್ತಂತೆ, ನೀನು ನಂಗೆ ಒಂದು ಸಲಾನೂ ಹೇಳ್ಲಿಲ್ಲ. ಬಿಪಿ ಮಾತ್ರೆ ಬಿಟ್ಟಿದ್ದಾರೆ ಅಂತಾಳೆ ಅಕ್ಕ, ಹೌದಾ? ಕಾಫಿ ಹೂ ಅರಳಿಸೋ ಹೂಮಳೆ ಚೆನ್ನಾಗಾಯ್ತು, ಕಾಯಿ ಕಟ್ಟಕ್ಕೆ ಬೇಕಾದ ಬ್ಯಾಕಿಂಗ್ ಮಳೆನೂ ಆಗ್ಲಿ, ಆಮೇಲೆ ಡಾಕ್ಟರ್ ಅಂತಿದ್ದಾರಂತೆ. ಮಳೆ ಬರದಿದ್ರೆ ಸ್ಪ್ರಿಂಕ್ಲರ್ ಇದೆ, ಅದನ್ನ ಓಡ್ಸಕ್ಕೆ ಆಳುಗಳಿದ್ದಾರೆ, ಅಪ್ಪನೇ ನಿಂತು ನೋಡ್ಬೇಕು ಅಂತೇನಿಲ್ಲ. ಬಿಪಿ, ಶುಗರ್, ಇಸಿಜಿ ಮೂರೂ ಈ ವಾರಾನೇ ಆಗ್ಬೇಕು, ಅಕ್ಕನ ಅಕೌಂಟಿಗೆ ದುಡ್ಡು ಹಾಕಿದೀನಿ. ಜಾಸ್ತಿ ಕಳ್ಸಿದೆ ಅಂತ ಬೈಬೇಡ, ನಂಗಿಲ್ಲಿ ಯಾವ ತೊಂದ್ರೆನೂ ಇಲ್ಲ, ನಿಜವಾಗ್ಲೂ ಇಲ್ಲ, ಅಡುಗೆ ಮನೇಲೇ ಮಾಡ್ಕೋತೀನಿ, ಉಳಿಯುತ್ತೆ.

ಮಾತ್ರೆ ತಗೊಂಡ ದಿನ ಮಳೆ ಡೈರೀಲಿ ಇಂಚಿನ ಪಕ್ಕ ಒಂದು ಟಿಕ್ ಹಾಕಕ್ಕೆ ಹೇಳು, ಭಾನುವಾರ ಆ ಪುಟದ ಫೋಟೋ ಕಳ್ಸಿ. ಆ ಡೈರಿ ಬರೆಯೋದು ಮಾತ್ರ ಅವರು ಜನ್ಮದಲ್ಲಿ ತಪ್ಸಲ್ಲ, ಹಂಗೆ ಮಾತ್ರೆನೂ ತಪ್ಪಲ್ಲ.

ಮಾರ್ಚಲ್ಲಿ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ರು, ಈಗ ನಿಮಗೂ ನಂಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಇಲ್ಲಿ ನಡುರಾತ್ರಿ ಆದ್ರೂ ಪರ್ವಾಗಿಲ್ಲ, ಫೋನ್ ಮಾಡು. ಮಗ ಮಲಗಿರ್ತಾನೆ ಅಂತ ಸುಮ್ನಿರ್ಬೇಡ. ಆಚೆ ದಡದ ಆಫೀಸಿಗೆ ಹೋಗೋ ಬೋಟಿಗೆ ಹೊತ್ತಾಯ್ತು, ಇದು ತಪ್ಪಿದ್ರೆ ಲೇಟು. ಅಜ್ಜಿಗೆ ಕೇಳ್ದೆ ಅಂತ ಹೇಳು.

ನಿನ್ನ ಮಗ